ಮಾವಿನ ಎಲೆಗೆ ಯಾವ ಬಣ್ಣ?



ಮಾವಿನ ಎಲೆಯ ಚಿತ್ರ ಬರೆದು ಬಣ್ಣ ಹಚ್ಚು ಎಂದು ನಿಮ್ಮ ಮಗುವಿಗೆ ಹೇಳಿ ನೋಡಿ. ಮಗುವಿನ ಕೈ ಹಸಿರು ಪೆನ್ಸಿಲ್ಲಿಗೇ ಹೋಗುತ್ತದೆ. ಈಗ ಅದೇ ಮಗುವನ್ನು ಚಿಗುರಿ ನಿಂತ ಮಾವಿನ ಮರದ ಬುಡಕ್ಕೆ ಕರೆದೊಯ್ಯಿರಿ. ರೆಂಬೆಯ ತುದಿಯಲ್ಲಿ ಜೋಲುವ ಎಳೆಯ ಎಲೆಗಳು ಹಸಿರಲ್ಲ, ತಾಮ್ರದಂತೆ ಕೆಂಪು. ದಿನ ಕಳೆದಂತೆ ಆ ಕೆಂಪು ಮಾಸಿ ತಿಳಿಹಸಿರಾಗುತ್ತದೆ, ಕೊನೆಗೆ ಕಡುಹಸಿರಾಗುತ್ತದೆ.

ಮಗು ಮನೆಗೆ ಬಂದು ಎಲೆಗೆ ಕೆಂಪು ಹಚ್ಚಿತೆನ್ನಿ. ಆಗ ನಾವೇನು ಹೇಳುತ್ತೇವೆ? “ಎಲೆ ಎಲ್ಲಾದರೂ ಕೆಂಪಗಿರುತ್ತದೆಯೇ? ಅಳಿಸಿ ಹಸಿರು ಹಚ್ಚು” ಎಂದರೆ ಒಂದು ಕೆಟ್ಟ ಪಾಠ ಕಲಿಸಿದಂತಾಯಿತು. ಕಣ್ಣಾರೆ ಕಂಡದ್ದನ್ನು ನಂಬಬೇಡ, ಎಲ್ಲರೂ ಹೇಳುವುದನ್ನೇ ಬರೆ ಎಂಬ ಪಾಠ ಅದು. ಕಂಡದ್ದನ್ನು ಕಂಡಂತೆ ಹೇಳುವ ಗುಣ ಸತ್ಯವಂತಿಕೆಯ ಮೊದಲ ಮೆಟ್ಟಿಲು. ಅದನ್ನು ಮನೆಯಲ್ಲೇ ಕಲಿಸಲು ಸುಲಭವಾದ ಒಂದು ದಾರಿಯಿದೆ. ಅದೇ ಮಕ್ಕಳೊಡನೆ ಬರೆಯುವ ಪ್ರಕೃತಿಯ ದಿನಚರಿ.

ವಸಂತವೇ ಏಕೆ?

ಮಕ್ಕಳ ತಾಳ್ಮೆ ಚಿಕ್ಕದು. ಬದಲಾವಣೆ ಬೇಗ ಕಾಣದಿದ್ದರೆ ಅವರಿಗೆ ಬೇಸರ ಬರುತ್ತದೆ. ನಮ್ಮ ನಾಡಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಒಂದೆರಡು ವಾರಗಳಲ್ಲೇ ಮರದ ರೂಪ ಬದಲಾಗುತ್ತದೆ. ಹೊಂಗೆ ಎಲೆ ಉದುರಿಸಿ ಮತ್ತೆ ಹೊಳೆಯುವ ಹಸಿರು ಹೊದೆಯುತ್ತದೆ. ಮುತ್ತುಗ ಎಲೆಯಿಲ್ಲದ ಕೊಂಬೆಗಳಲ್ಲಿ ಕೇಸರಿ ಹೂ ಅರಳಿಸುತ್ತದೆ. ಬೇವು ಹೂ ಬಿಡುತ್ತದೆ. ಕೋಗಿಲೆಯ ಕೂಗು ದಿನದಿಂದ ದಿನಕ್ಕೆ ಹೆಚ್ಚುತ್ತದೆ.

“ಇದು ಪರೀಕ್ಷೆಯ ಕಾಲವಲ್ಲವೇ?” ಎಂದು ನೀವು ಕೇಳಬಹುದು. ವಾರಕ್ಕೆ ಹತ್ತು ನಿಮಿಷ ಸಾಕು. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾವು ಹೇಗೂ ಸ್ವಲ್ಪ ಹೊತ್ತು ನಿಂತು ಮಾತನಾಡುತ್ತೇವೆ. ಆ ಅಂಗಳದ ಒಂದು ಮರವನ್ನೇ ಆರಿಸಿಕೊಳ್ಳಿ. ವಾರ ತಪ್ಪದೆ ಅದೇ ಮರವನ್ನು ನೋಡುವ ಅಭ್ಯಾಸ ತಾನಾಗಿಯೇ ಬೆಳೆಯುತ್ತದೆ.

ಬರೆಯುವುದು ಹೇಗೆ?

1. ಗೆರೆಯಿಲ್ಲದ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್, ನಾಲ್ಕಾರು ಬಣ್ಣಗಳಿದ್ದರೆ ಸಾಕು. ಪುಸ್ತಕದ ಮೇಲೆ ಮಗುವಿನ ಹೆಸರೇ ಇರಲಿ. ಅದು ಮಗುವಿನ ಪುಸ್ತಕ, ನಿಮ್ಮದಲ್ಲ.

2. ಮೊದಲು ದಿನಾಂಕ, ಹೊತ್ತು ಮತ್ತು ಸ್ಥಳ ಬರೆಯಿಸಿ. ಇವಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮುಂದೆ ಹೋಲಿಸಿ ನೋಡಲು ಬರುವುದಿಲ್ಲ.

3. ಐದು ಪ್ರಶ್ನೆ ಕೇಳಿ. ಎಲೆ ಹೇಗಿದೆ? ಹೂ ಇದೆಯೇ? ಕಾಯಿ ಇದೆಯೇ? ಮರಕ್ಕೆ ಯಾರು ಬಂದಿದ್ದಾರೆ? ನೆಲದ ಮೇಲೆ ಏನು ಬಿದ್ದಿದೆ?

4. ಕಾಣದಿದ್ದರೆ “ಇಂದು ಹೂ ಇಲ್ಲ” ಎಂದೇ ಬರೆಯಲಿ. ಇಲ್ಲ ಎಂಬುದೂ ನಿಜವಾದ ಸುದ್ದಿಯೇ. ಹೂ ಯಾವ ವಾರ ಬಂತೆಂದು ತಿಳಿಯುವುದು ಅದರಿಂದಲೇ.

5. ಹೆಸರು ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ.

ಈ ಕೊನೆಯ ಮಾತು ಹಿರಿಯರಿಗೆ ಕಷ್ಟ. ಮಗು ಕೇಳಿದೊಡನೆ ಯಾವುದೋ ಒಂದು ಹೆಸರು ಹೇಳಿ ಮುಗಿಸಲು ನಮಗೆ ಆತುರ. ಆದರೆ ಹೆಸರು ಸಿಕ್ಕೊಡನೆ ಮಗು ನೋಡುವುದನ್ನು ನಿಲ್ಲಿಸಿಬಿಡುತ್ತದೆ. “ಕಂದು ಹಕ್ಕಿ, ಮೈತುಂಬ ಬಿಳಿ ಚುಕ್ಕೆ, ಕೆಂಪು ಕಣ್ಣು” ಎಂದು ಬರೆದಿಡಲಿ. ಒಂದು ದಿನ ಕರಿಯ ಗಂಡು ಕೋಗಿಲೆಯ ಜೊತೆಗೆ ಅದೇ ಹಕ್ಕಿ ಕಂಡಾಗ, ಅದು ಹೆಣ್ಣು ಕೋಗಿಲೆಯೆಂದು ಮಗುವೇ ಕಂಡುಕೊಳ್ಳುತ್ತದೆ. ಹಾಗೆ ತಿಳಿದದ್ದು ಮರೆಯುವುದಿಲ್ಲ.

ಒಂದು ಹೊಂಗೆ ಮರದ ದಿನಚರಿ ಹೀಗಿರಬಹುದು: “ಮಾರ್ಚ್ 2. ಹಳದಿ ಎಲೆ ಉದುರುತ್ತಿವೆ. ಮಾರ್ಚ್ 9. ಮರ ಬೋಳು. ಹಕ್ಕಿ ಇಲ್ಲ. ಮಾರ್ಚ್ 16. ಚಿಕ್ಕ ಎಲೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ.” ಇಷ್ಟೇ ಸಾಕು. ಕಾಗುಣಿತ ತಿದ್ದಬೇಡಿ, ಚಿತ್ರ ತಿದ್ದಬೇಡಿ. ಸಂದೇಹ ಬಂದರೆ “ಬಾ, ಇನ್ನೊಮ್ಮೆ ನೋಡೋಣ” ಎನ್ನಿ.

ಎರಡು ಎಚ್ಚರಿಕೆಗಳೂ ಇರಲಿ. ಗೊತ್ತಿಲ್ಲದ ಹಣ್ಣು, ಎಲೆಗಳನ್ನು ಮಕ್ಕಳು ಬಾಯಿಗೆ ಹಾಕಬಾರದು. ಅಂಗಳದಲ್ಲಿ ಬೆಳೆಸುವ ಕಣಗಿಲೆಯೂ ವಿಷದ ಗಿಡ. ಹಕ್ಕಿಯ ಗೂಡನ್ನು ದೂರದಿಂದಲೇ ನೋಡಬೇಕು, ಮುಟ್ಟಬಾರದು.

ಮಕ್ಕಳ ಬರಹಕ್ಕೆ ಬೆಲೆಯುಂಟೇ?

ಉಂಟು. ಪಕ್ಷಿವಿಜ್ಞಾನಿ ಸಲೀಂ ಅಲಿ 1896ರಲ್ಲಿ ಹುಟ್ಟಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ಅವರು ಗುಬ್ಬಚ್ಚಿಗಳ ಬಗ್ಗೆ ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಗೂಡು ಕಾಯುತ್ತಿದ್ದ ಗಂಡು ಗುಬ್ಬಿಯನ್ನು ಅವರು ಏರ್‌ಗನ್ನಿನಿಂದ ಹೊಡೆದರು. ಆದರೆ ಸ್ವಲ್ಪ ಕಾಲದಲ್ಲೇ ಆ ಹೆಣ್ಣಿಗೆ ಮತ್ತೊಂದು ಗಂಡು ಜೊತೆಯಾಯಿತು. ಹೀಗೆ ಮತ್ತೆ ಮತ್ತೆ ನಡೆದದ್ದನ್ನು ಹುಡುಗ ಇದ್ದಂತೆಯೇ ಬರೆದ. 1985ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರು ಆ ಟಿಪ್ಪಣಿಯನ್ನು ನೆನೆದಿದ್ದಾರೆ. ನಮ್ಮ ಮಕ್ಕಳಿಗೆ ಬಂದೂಕು ಬೇಡ, ಪೆನ್ಸಿಲ್ ಸಾಕು. ಆದರೆ ಆ ಹುಡುಗನ ನೇರ ಕಣ್ಣು ಬೇಕು.

ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಸಸ್ಯವಿಜ್ಞಾನಿ, ಯೇಸುಸಭೆಯ ವಂದನೀಯ ಸಿಸಿಲ್ ಸಲ್ದಾನರನ್ನು ನಮ್ಮಲ್ಲಿ ಹಲವರು ಬಲ್ಲರು. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಅವರು ಅಮೆರಿಕದ ಡಾನ್ ನಿಕೋಲ್ಸನ್ ಅವರೊಡನೆ ಸಿದ್ಧಪಡಿಸಿದ ದೊಡ್ಡ ಗ್ರಂಥ 1976ರಲ್ಲಿ ಪ್ರಕಟವಾಯಿತು. ಅಂಥ ಗ್ರಂಥಗಳಿಗೆ ಆಧಾರ ಒಣಗಿಸಿಟ್ಟ ಗಿಡಗಳ ಹಾಳೆಗಳು. ಅವುಗಳ ಮೇಲೂ ಬರೆಯುವುದು ಇವನ್ನೇ: ಎಲ್ಲಿ, ಯಾವ ದಿನ, ಯಾರು ಕಂಡರು.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬಾತ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಆರಂಭಿಸಿದ. ಯಾವ ಮರ ಯಾವ ದಿನ ಚಿಗುರಿತು, ಯಾವ ಹಕ್ಕಿ ಯಾವ ದಿನ ಬಂತು ಎಂದು ಬರೆದ. ಆತನ ವಂಶದವರು 1958ರವರೆಗೂ ಅದನ್ನು ಮುಂದುವರಿಸಿದರು. ಹವೆ ಬಿಸಿಯಾದಂತೆ ಮರಗಳು ಹೇಗೆ ಬೇಗ ಚಿಗುರುತ್ತವೆ ಎಂದು ಅರಿಯಲು ವಿಜ್ಞಾನಿಗಳಿಗೆ ಆ ಮನೆಯ ಪುಸ್ತಕಗಳು ಆಧಾರವಾದವು. ನಮ್ಮ ದೇಶದಲ್ಲೂ ‘ಸೀಸನ್‌ವಾಚ್’ ಎಂಬ ಯೋಜನೆಯಡಿ ಶಾಲಾ ಮಕ್ಕಳು ವಾರಕ್ಕೊಮ್ಮೆ ಮರ ನೋಡಿ ಎಲೆ, ಹೂ, ಕಾಯಿಗಳ ಲೆಕ್ಕ ಬರೆಯುತ್ತಾರೆ.

ಅಂಜೂರದ ಪಾಠ

ಸಂತ ಮತ್ತಾಯರ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಅಂಜೂರದ ಮರದಿಂದ ಪಾಠ ಕಲಿಯಿರಿ ಎನ್ನುತ್ತಾರೆ. ರೆಂಬೆ ಎಳೆಯದಾಗಿ ಎಲೆ ಬಿಟ್ಟಾಗ ಬೇಸಿಗೆ ಹತ್ತಿರವಾಯಿತೆಂದು ಕೇಳುಗರಿಗೆ ಆಗಲೇ ಗೊತ್ತಿತ್ತು. ಅದಕ್ಕೇ ಆ ಸಾಮ್ಯ ಅವರ ಮನಸ್ಸಿಗೆ ತಾಕಿತು. ಮನೆಯ ಮುಂದಿನ ಮರ ಯಾವಾಗ ಚಿಗುರುತ್ತದೆಂದು ತಿಳಿಯದ ಮಗುವಿಗೆ ಈ ಮಾತು ಬರಿಯ ಬಾಯಿಪಾಠವಾಗುತ್ತದೆ. ಬಿತ್ತುವವನು, ಸಾಸಿವೆ ಕಾಳು, ಹೊಲದ ಹೂ, ಆಕಾಶದ ಹಕ್ಕಿ, ಇವೆಲ್ಲ ಕಣ್ಣಿಟ್ಟು ನೋಡಿದವರಿಗೆ ಹೇಳಿದ ಮಾತುಗಳು. ಸೃಷ್ಟಿಯನ್ನು ನೋಡದ ಮಗುವಿಗೆ ಸೃಷ್ಟಿಕರ್ತನಿಗೆ ಕೃತಜ್ಞತೆ ಹೇಳು ಎಂದರೆ, ಯಾವುದಕ್ಕೆಂದು ಅದು ಹೇಳಬೇಕು?

ಈ ಭಾನುವಾರ ಹೀಗೆ ಮಾಡಿ

ಮಗು ತಾನೇ ಒಂದು ಮರವನ್ನು ಆರಿಸಲಿ. ದಿನಾಂಕ ಬರೆದು, ಕಂಡ ಒಂದೇ ಒಂದು ಸಂಗತಿಯನ್ನು ಚಿತ್ರಿಸಲಿ. ನೀವೂ ಪಕ್ಕದಲ್ಲಿ ಕುಳಿತು ನಿಮ್ಮದೇ ಹಾಳೆಯಲ್ಲಿ ಬರೆಯಿರಿ. ಆ ಹತ್ತು ನಿಮಿಷ ಮೊಬೈಲು ಜೇಬಿನಲ್ಲೇ ಇರಲಿ. ಸಂಜೆ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಮಗು ತನ್ನ ಪುಟವನ್ನು ಎಲ್ಲರಿಗೂ ಓದಿ ಹೇಳಲಿ. ಅದು ಎಲೆಗೆ ಕೆಂಪು ಹಚ್ಚಿದ್ದರೆ, ಮುಂದಿನ ವಾರ ಆ ಎಲೆ ಯಾವ ಬಣ್ಣಕ್ಕೆ ತಿರುಗಿದೆಯೆಂದು ನೋಡಲು ಮಗುವಿನ ಜೊತೆ ನೀವೂ ಹೋಗಿ.