ಹಳೇ ಟೈಪ್ ಕಾಗದಕ್ಕೆ ಅವಸರದ ತೀರ್ಪು ಬೇಡ

ಊರಿನ ಜಮೀನಿನ ತಕರಾರು ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯ ಕನ್ನಡಿಗರ ಮನೆಗೂ ವಾಟ್ಸಾಪ್ ಫೋಟೋ ಆಗಿ ಬಂದಿಳಿಯಬಹುದು: ಎಪ್ಪತ್ತರ ದಶಕದ್ದೆನ್ನುವ ಇಂಗ್ಲಿಷ್ ಕರಾರುಪತ್ರ. "ಆಗಿನ ಟೈಪ್‌ರೈಟರಿನಲ್ಲಿ ಹೀಗೆ ಬರ್ತಾನೇ ಇರಲಿಲ್ಲ, ಇದು ಖೋಟಾ!" ಎನ್ನುವ ಮೊದಲು ಸ್ವಲ್ಪ ತಾಳಿ.

2004ರ ಸೆಪ್ಟೆಂಬರ್ 8ರಂದು ಅಮೆರಿಕದ ಸಿಬಿಎಸ್ ವಾಹಿನಿ, ಆಗಿನ ಅಧ್ಯಕ್ಷ ಬುಷ್ ಅವರ ಸೈನಿಕ ಸೇವೆಯ ಬಗ್ಗೆ 1972–73ರದ್ದೆನ್ನಲಾದ ಟಿಪ್ಪಣಿಗಳನ್ನು ತೋರಿಸಿದಾಗಲೂ ಇದೇ ಮಾತು ಎದ್ದಿತು. 'ಐ'ಗೆ ಕಿರಿದು, 'ಎಂ'ಗೆ ಅಗಲ ಜಾಗ ಕೊಡುವ ಯಂತ್ರ ಆಗೆಲ್ಲಿತ್ತು? ಇತ್ತು. ಐಬಿಎಂ ಎಕ್ಸಿಕ್ಯೂಟಿವ್ 1940ರ ದಶಕದಿಂದಲೇ ಅದನ್ನು ಮಾಡುತ್ತಿತ್ತು. ನಿಜವಾದ ಅನುಮಾನ ಹುಟ್ಟಿಸಿದ್ದು ಬೇರೆ: ಅದೇ ಒಕ್ಕಣೆಯನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಟೈಪಿಸಿದರೆ ಸಾಲಿಗೆ ಸಾಲು ತಾಳೆಯಾಗುತ್ತಿತ್ತು. ವಾಹಿನಿಯ ಕೈಲಿದ್ದದ್ದೂ ಜೆರಾಕ್ಸ್ ಪ್ರತಿಗಳಷ್ಟೇ. ಸೆಪ್ಟೆಂಬರ್ 20ರಂದು ಅವು ಅಸಲಿ ಎಂದು ಸಾಬೀತುಪಡಿಸಲಾಗದೆಂದು ಒಪ್ಪಿಕೊಂಡಿತು.

ಆದ್ದರಿಂದ ಫೋಟೋ ಬಿಡಿ, ಅಸಲು ಪತ್ರ ಕೇಳಿ. ಕಾಗದದ ಹಿಂಬದಿಗೆ ಬೆರಳಾಡಿಸಿದರೆ ಅಚ್ಚುಮೊಳೆ ಬಡಿದ ಉಬ್ಬು ಸಿಗಬಹುದು. ಹೊಟ್ಟೆಗೆ ಮಸಿ ತುಂಬಿಕೊಂಡ 'ಇ', ಸಾಲಿನಿಂದ ಕೆಳಗೆ ಜಾರುವ ಒಂದು ಅಕ್ಷರ — ಯಂತ್ರದ ಗುರುತು ಇಂಥ ಕುಂದುಗಳಲ್ಲೇ. ಅದನ್ನು ಓದುವುದು ಮಾತ್ರ ತಜ್ಞರ ಕೆಲಸ; ಬಂಧುಗಳ ಗ್ರೂಪಿನದ್ದಲ್ಲ!

ನ್ಯಾಯಾಲಯವೇ ಇಲ್ಲಿ ನಿಧಾನಿಸಿದೆ. ಭಾರತದ ನರಗುಂದಕರ್ ಪ್ರಕರಣದಲ್ಲಿ, ಒಂದು ಪತ್ರದ ತಾರೀಖಿನ ನಂತರ ಕಚೇರಿಗೆ ಬಂದ ಯಂತ್ರದಲ್ಲಿ ಅದನ್ನು ಟೈಪಿಸಲಾಗಿದೆ ಎಂಬುದು ಪ್ರಾಸಿಕ್ಯೂಷನ್ ವಾದವಾಗಿತ್ತು. ಟೈಪ್‌ರೈಟರ್ ತಜ್ಞರ ಅಭಿಪ್ರಾಯ ಸಾಕ್ಷ್ಯವಾಗದು ಎಂದು 1952ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ನಿಲುವನ್ನು ಐವರ ಪೀಠ ಬದಲಿಸಿದ್ದು 1996ರಲ್ಲಿ.

ಇನ್ನು, ಯಂತ್ರ ಸಿಕ್ಕರೂ ಕೀಲಿ ಒತ್ತಿದವರು ಯಾರೆಂದು ಅದು ಹೇಳುವುದಿಲ್ಲ. ಪತ್ರ ನೋಂದಣಿಯಾಗಿದ್ದರೆ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತರಿಸಿ ಹೋಲಿಸಿ ನೋಡಿ.