ಸುತ್ತುವುದು ಸುಲಭ, ಮೊದಲ ಕಾಲು ಸುತ್ತೇ ಕಷ್ಟ

ರಾಮನಗರದಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗೆ ಪ್ರಾಜೆಕ್ಟ್ ಕಾಲ ಬಂತೆಂದರೆ ಒಂದು ಬೇಡಿಕೆ ತಪ್ಪಿದ್ದಲ್ಲ: ‘ಸರ್, ಆಂಟೆನಾ ಚಿಕ್ಕದಿರಬೇಕು, ಎರಡೂ ಬ್ಯಾಂಡ್ ಹಿಡೀಬೇಕು.’ ಪಕ್ಕದ ಬ್ಯಾಲಾಳಿನಲ್ಲಿ ಇಸ್ರೊದ 32 ಮೀಟರ್ ಡಿಶ್ ಇದೆ. ಭಾರತದ್ದೇ ಆದ ಸ್ಥಾನಸೂಚಕ ವ್ಯವಸ್ಥೆ ನಾವಿಕ್‌ನ ಉಪಗ್ರಹಗಳ ನ್ಯಾವಿಗೇಶನ್ ಕೇಂದ್ರವೂ 2013ರಿಂದ ಅಲ್ಲೇ ಇದೆ. ಹಾಗಾಗಿ ಹುಡುಗರಿಗೆ ನಾವಿಕ್ ಸಿಗ್ನಲ್ಲೇ ಬೇಕು. ನಾನು ತಂತಿಯನ್ನು ಸುರುಳಿ ಸುತ್ತಿದ ಹೆಲಿಕಲ್ ಆಂಟೆನಾ ಮಾಡಿ ಎನ್ನುತ್ತೇನೆ.

ಸುರುಳಿ ತಂತಿ ಆಂಟೆನಾ ಆಗುವುದಿಲ್ಲ ಎಂದು ಉಪನ್ಯಾಸಕ್ಕೆ ಬಂದವರೊಬ್ಬರು ಹೇಳಿದ ಮೇಲೂ ಅಮೆರಿಕದ ಜಾನ್ ಕ್ರೌಸ್ 1946ರಲ್ಲಿ ಮನೆಯಲ್ಲೇ ಸುತ್ತಿ ಪರೀಕ್ಷಿಸಿದರು. ಒಂದು ಸುತ್ತಿನ ಸುತ್ತಳತೆ ಹೆಚ್ಚುಕಡಿಮೆ ಒಂದು ತರಂಗಾಂತರವಿದ್ದರೆ ಸುರುಳಿ ತನ್ನ ತುದಿಯತ್ತ ನೇರವಾಗಿ ಪ್ರಸಾರ ಮಾಡುತ್ತದೆ. ಸುತ್ತಳತೆ ತರಂಗಾಂತರದ ಮುಕ್ಕಾಲು ಪಾಲಿನಿಂದ ಒಂದೂಕಾಲು ಪಾಲಿನವರೆಗೆ ಏರುಪೇರಾದರೂ ಕೆಲಸ ನಡೆಯುತ್ತದೆ. ನಾವಿಕ್‌ನ ಎಲ್5 ಬ್ಯಾಂಡ್ 1176.45 ಮೆಗಾಹರ್ಟ್ಸ್, 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಜೊತೆಗೆ ಬಂದ ಎಲ್1, 1575.42. ಸುತ್ತಳತೆ 22 ಸೆಂಟಿಮೀಟರ್ ಇಟ್ಟರೆ ಎರಡೂ ಆ ಮಿತಿಯೊಳಗೇ ಬೀಳುತ್ತವೆ. ವ್ಯಾಸ 7 ಸೆಂ.ಮೀ., ಸುತ್ತಿನಿಂದ ಸುತ್ತಿಗೆ 5 ಸೆಂ.ಮೀ., ಐದು ಸುತ್ತು: ಒಂದು ಗೇಣಿಗಿಂತ ಸ್ವಲ್ಪ ಉದ್ದ.

ಚಿಕ್ಕದು ಮಾಡಬೇಕೆಂದು ವ್ಯಾಸಕ್ಕೆ ಕೈ ಹಾಕಬಾರದು. ಸುರುಳಿ ತೀರಾ ಸಣ್ಣಗಾದರೆ ವಾಕಿಟಾಕಿಯ ಗಿಡ್ಡ ಆಂಟೆನಾದಂತೆ ಪಕ್ಕಕ್ಕೆ ಪ್ರಸಾರ ಮಾಡತೊಡಗುತ್ತದೆ, ಬ್ಯಾಂಡೂ ಕಿರಿದಾಗುತ್ತದೆ. ಉದ್ದ ತಗ್ಗಬೇಕಿದ್ದರೆ ಸುತ್ತು ಕಡಿಮೆ ಮಾಡಿ. ಗೇನ್ ಇಳಿಯುತ್ತದೆ, ನೋಟ ಅಗಲವಾಗುತ್ತದೆ, ಆಂಟೆನಾ ಮಾತ್ರ ಹೆಲಿಕಲ್ ಆಗಿಯೇ ಉಳಿಯುತ್ತದೆ.

ತಂತಿ ಸುತ್ತಲು ಕೊಳವೆ ಬೇಕು. ಅದಕ್ಕೆ ಚನ್ನಪಟ್ಟಣವಿದೆ. ಗೊಂಬೆ ಕಡೆಯುವ ಹಾಲೆ ಮರವನ್ನೇ ಲೇತಿಗೆ ಕೊಟ್ಟು ಕೊಳವೆ ಮಾಡಿಸುತ್ತೇವೆ. ಕುಶಲಕರ್ಮಿಯೊಬ್ಬರು, ‘ಒಳಗೆ ಗಟ್ಟಿ ಇರಲಿ ಮೇಷ್ಟ್ರೇ, ಬಾಳಿಕೆ ಬರುತ್ತೆ’ ಎಂದರು. ನಮಗೆ ಟೊಳ್ಳೇ ಬೇಕು. ಮರದೊಳಗೆ ತರಂಗ ನಿಧಾನವಾಗಿ ಸಾಗುತ್ತದೆ. ಗಟ್ಟಿ ಮರವಾದರೆ ಇಡೀ ಬ್ಯಾಂಡು ಕೆಳಕ್ಕೆ ಜಾರುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಇನ್ನಷ್ಟು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೇ ಕರಗಿಸಿ ಬಳಿಯುವ ಅವರ ಕಲೆ ತೇವ ತಡೆಯಲು ನಮಗೂ ಒದಗಿತು.

ನಿಜವಾದ ಕೆಲಸ ಕಾಣುವುದು ಸುರುಳಿಯ ಬುಡದಲ್ಲಿ. ಹೆಲಿಕಲ್ ಆಂಟೆನಾದ ಇಂಪೀಡೆನ್ಸ್ 140 ಓಮ್‌ನ ಆಸುಪಾಸು, ಕೇಬಲ್‌ನದು 50. ನಡುವೆ 84 ಓಮ್‌ನ ಕಾಲು ತರಂಗಾಂತರದ ತುಂಡು ಹಾಕಬಹುದು. ಆದರೆ ಅದು ಒಂದು ಆವರ್ತನಕ್ಕಷ್ಟೇ ಸರಿಯಾಗಿ ಹೊಂದುತ್ತದೆ. ಸುರುಳಿ ಕೊಟ್ಟ ಬ್ಯಾಂಡಿನ ಅಗಲವನ್ನು ಫೀಡ್, ಅಂದರೆ ಕೇಬಲ್ ಸೇರುವ ಈ ಜೋಡಣೆ, ಕಿತ್ತುಕೊಳ್ಳುವುದು ಹೀಗೆ. ನನಗೆ ಒಗ್ಗಿದ್ದು ಕ್ರೌಸ್ ಅವರೇ 1977ರಲ್ಲಿ ಬರೆದ ದಾರಿ. ಮೊದಲ ಕಾಲು ಸುತ್ತಿಗೆ, ಅಂದರೆ ಸುಮಾರು ಐದೂವರೆ ಸೆಂ.ಮೀ. ಉದ್ದಕ್ಕೆ, ತಾಮ್ರದ ಪಟ್ಟಿ ಬೆಸುಗೆ ಹಾಕಿ, ಕನೆಕ್ಟರ್ ಬಳಿ ಅದನ್ನು ಸುರುಳಿ ನಿಂತಿರುವ ತಳದ ತಗಡಿಗೆ ಹತ್ತಿರ ತಂದು, ಮುಂದೆ ಮೆಲ್ಲಗೆ ಮೇಲೇರಿಸುವುದು. ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಸಾಧನ ಜೋಡಿಸಿ, ಒಣಗಿದ ಕಡ್ಡಿಯಿಂದ ಪಟ್ಟಿಯನ್ನು ಒತ್ತುತ್ತಾ ಹೋದರೆ, ಹೊಂದಾಣಿಕೆ ಎಷ್ಟು ಕೆಟ್ಟಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಗೆರೆ ಕಣ್ಣೆದುರೇ ಇಳಿಯುತ್ತದೆ. ಕೂದಲೆಳೆಯಷ್ಟು ಅಂತರವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆರಳಿಂದ ಒತ್ತಬಾರದು, ಮೈಯೂ ಅಳತೆಗೆ ಸೇರಿಬಿಡುತ್ತದೆ. ಗೆರೆ ಎರಡೂ ಬ್ಯಾಂಡಿನಲ್ಲಿ ತಗ್ಗಿದ ಜಾಗದಲ್ಲಿ ಟೆಫ್ಲಾನ್ ಚೂರು ಇಟ್ಟು ಭದ್ರಪಡಿಸುತ್ತೇವೆ.

ಗೆರೆ ಚೆನ್ನಾಗಿ ಬಂದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ. 50 ಓಮ್ ರೆಸಿಸ್ಟರ್ ಸಿಕ್ಕಿಸಿದರೂ ಅದೇ ಗೆರೆ ಬರುತ್ತದೆ. ನಾವಿಕ್ ಸಿಗ್ನಲ್ ಬಲಸುರುಳಿಯದು. ಅದಕ್ಕೆ ತಂತಿಯೂ ಮಾಮೂಲಿ ಸ್ಕ್ರೂವಿನ ಮರೆಯಂತೆ ಸುತ್ತಿರಬೇಕು. ಎಡಕ್ಕೆ ಸುತ್ತಿದರೂ ಎಸ್‌ಡಬ್ಲ್ಯೂಆರ್ ಬದಲಾಗದು, ರಿಸೀವರಿನಲ್ಲಿ ಸಿಗ್ನಲ್ ಮಾತ್ರ ಬಿದ್ದುಹೋಗುತ್ತದೆ. ಹಾಗಾಗಿ ಕೊನೆಯ ಪರೀಕ್ಷೆ ಬಯಲಿನಲ್ಲೇ. ಎನ್‌ವಿಎಸ್-01 ನಮ್ಮಲ್ಲಿಗೆ ಪೂರ್ವಕ್ಕೆ ತುಸು ದಕ್ಷಿಣದಲ್ಲಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಬೆಟ್ಟದ ಬುಡದಲ್ಲಿ ನಿಂತರೆ ಬಂಡೆಯೇ ಅಡ್ಡ ಬರುತ್ತದೆ; ಕನಕಪುರ ರಸ್ತೆಯ ಕಡೆ ಪೂರ್ವ ತೆರೆದ ಹೊಲ ಹುಡುಕಿಕೊಳ್ಳುತ್ತೇವೆ. ಸಿಗ್ನಲ್ ತೀರಾ ಕ್ಷೀಣ, ಆದ್ದರಿಂದ ಆಂಪ್ಲಿಫೈಯರನ್ನು ಕೇಬಲ್ ದಾಟಿದ ಮೇಲಲ್ಲ, ತಗಡಿನ ಬೆನ್ನಿಗೇ ಕೂರಿಸಬೇಕು.

ಎರಡು ಬ್ಯಾಂಡಿನಲ್ಲಿ ಒಂದು ಮಂಕಾದರೆ ಹುಡುಗರು ತಂತಿ ಬಿಚ್ಚಿ ಹೊಸದಾಗಿ ಸುತ್ತಲು ಹೊರಡುತ್ತಾರೆ. ಮೊದಲು ಆ ಕಾಲು ಸುತ್ತಿನ ಪಟ್ಟಿ ಎತ್ತಿ ಇಳಿಸಿ ನೋಡಿ ಎನ್ನುತ್ತೇನೆ. ಹೆಚ್ಚಿನ ಸಲ ಸುರುಳಿಗೆ ಕೈ ಹಚ್ಚುವ ಪ್ರಸಂಗವೇ ಬರುವುದಿಲ್ಲ.