ಹಳೆಯ ಎಳೆಗೆ ಹೊಸ ಎಳೆ

ಮಗಳೇ, ಮೊನ್ನೆ ನೀನು ಮೊಬೈಲಿನಲ್ಲಿ ತೋರಿಸಿದ ಪಟ್ಟಿ ಇನ್ನೂ ಕಣ್ಣ ಮುಂದಿದೆ. ಒಂದು ಸಾವಿರ ಇಟಾಲಿಯನ್ ಪದ, ಎದುರಿಗೆ ಇಂಗ್ಲಿಷ್ ಅರ್ಥ. "ದಿನಕ್ಕೆ ಐವತ್ತರಂತೆ ಇಪ್ಪತ್ತು ದಿನಕ್ಕೆ ಮುಗಿಸಿಬಿಡ್ತೀನಿ ದೊಡ್ಡಪ್ಪ" ಅಂದೆ. ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗಿ ರೇಷ್ಮೆ ವಿನ್ಯಾಸ ಕಲಿಯಲು ಇಟಲಿಯ ಕೋಮೊಕ್ಕೆ ಹೋಗುತ್ತಾಳೆ ಎಂದರೆ ನಮಗೆಲ್ಲ ಸಣ್ಣ ಸಂತೋಷವಲ್ಲ. ಯುರೋಪಿನಲ್ಲಿ ರೇಷ್ಮೆ ಎಂದರೆ ಮೊದಲು ನೆನಪಾಗುವ ಊರುಗಳಲ್ಲಿ ಅದೂ ಒಂದು. ನಿನ್ನ ಅವಸರ ನನಗೆ ಅರ್ಥವಾಗುತ್ತದೆ. ಅವತ್ತು ಮನೆ ತುಂಬ ನೆಂಟರಿದ್ದರು, ಹೇಳಲಾಗಲಿಲ್ಲ. ಚಳ್ಳಕೆರೆಗೆ ಬಂದ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಮಿಲಾನಿನಲ್ಲಿದ್ದಾಗ ನಾನು ಅಲ್ಲಿ ಏಳು ತಿಂಗಳು ಇದ್ದೆನಲ್ಲ, ಹೋಗುವ ಮೊದಲು ನಿನ್ನ ಹಾಗೆಯೇ ಪಟ್ಟಿ ಉರು ಹೊಡೆದಿದ್ದೆ. ಆರುನೂರು ಪದ. ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಅಂಕಿಗಳಂತೂ ಕರತಲಾಮಲಕ ಅಂತ ಧೈರ್ಯ. ಅಲ್ಲಿ ಬ್ರೆಡ್ ಅಂಗಡಿಗೆ ಹೋದರೆ ಬಾಗಿಲ ಬಳಿಯ ಯಂತ್ರದಿಂದ ನಂಬರಿನ ಚೀಟಿ ಹರಿದುಕೊಂಡು ಕಾಯಬೇಕು. ನನ್ನ ಚೀಟಿ 27. ಕೌಂಟರಿನ ಹೆಣ್ಣುಮಗಳು "ವೆಂತಿಸೆತ್ತೆ!" ಎಂದು ಎರಡು ಸಲ ಕೂಗಿದಳು, ಮುಂದಿನವರನ್ನು ಕರೆದಳು. ಚೀಟಿ ಕೈಯಲ್ಲಿ ಹಿಡಿದು ನಾನು ನಿಂತೇ ಇದ್ದೆ. ಆ ಪದ ನನಗೆ ಗೊತ್ತಿತ್ತು, ಕಾಗದದ ಮೇಲೆ. ಕಿವಿಗೆ ಅದರ ಪರಿಚಯವೇ ಇರಲಿಲ್ಲ. ಅವತ್ತು ರಾತ್ರಿ ನನ್ನ ಪಟ್ಟಿಯನ್ನು ಮಡಚಿಟ್ಟೆ.

ಪದ ಕೂಡಿಡುವುದು ಹೇಗೆ ಎನ್ನುವುದಕ್ಕೆ ನಿಮ್ಮಮ್ಮನ ಕೈಗಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಒಂದು ಹಾಸು ಮುಗಿದಾಗ ಅವಳು ಏನು ಮಾಡುತ್ತಾಳೆ? ಮಗ್ಗದ ಹಣಿಗೆಯಲ್ಲಿ ಉಳಿದ ಹಳೆಯ ಎಳೆಗಳ ತುದಿಯನ್ನು ಬಿಚ್ಚಿ ಬಿಸಾಡುವುದಿಲ್ಲ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಹಳೆಯ ಎಳೆ ಒಂದು, ಹೊಸ ಎಳೆ ಒಂದು, ಎರಡನ್ನೂ ಸೇರಿಸಿ ಹೊಸೆಯುತ್ತಾಳೆ. ಸಾವಿರಾರು ಎಳೆ, ಒಂದೂ ತಪ್ಪದಂತೆ. ಕೆಚ್ಚುವುದು ಅಂತಾರಲ್ಲ ಅದು. ಆಮೇಲೆ ಮೆಲ್ಲಗೆ ಎಳೆದರೆ ಹಳೆಯ ಎಳೆಯ ಹಿಂದೆ ಹೊಸದು ತಾನಾಗಿ ಹಣಿಗೆ ದಾಟಿ ಬರುತ್ತದೆ. ಹೊಸ ಭಾಷೆಯ ಪದವೂ ಹಾಗೇ ಬರಬೇಕು. ಗೊತ್ತಿರುವುದರ ತುದಿಗೆ ಕೆಚ್ಚಿದ ಪದ ನಿಲ್ಲುತ್ತದೆ, ಗಾಳಿಯಲ್ಲಿ ಬಿಟ್ಟದ್ದು ಉದುರುತ್ತದೆ.

ಹಾಗಾದರೆ ನಿನ್ನಲ್ಲಿ ಹಳೆಯ ಎಳೆ ಯಾವುದಿದೆ? ಬೇಕಾದಷ್ಟಿದೆ. ಇಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಹಳ್ಳಿಗೆ ಜನ ತುಂಬಿಕೊಂಡು ಹೋಗುವ ಅಪೆ ಗಾಡಿ ನೋಡಿದ್ದೀಯಲ್ಲ, ಆ ಅಪೆ ಅಪ್ಪಟ ಇಟಾಲಿಯನ್ ಪದ. ಜೇನುಹುಳ ಅಂತ ಅರ್ಥ. ಇಟಲಿಯ ಪಿಯಾಜಿಯೊ ಕಂಪನಿ 1946ರಲ್ಲಿ ಸ್ಕೂಟರಿಗೆ ವೆಸ್ಪಾ, ಅಂದರೆ ಕಣಜ, ಎಂದು ಹೆಸರಿಟ್ಟಿತು. ಎರಡು ವರ್ಷದ ಮೇಲೆ ಬಂದ ಮೂರು ಗಾಲಿಯ ಗಾಡಿಗೆ ಜೇನುಹುಳದ ಹೆಸರು. ಅಲ್ಲಿನವರು ಮೊದಲಕ್ಷರ ಸ್ವಲ್ಪ ಎಳೆದು 'ಆಪೆ' ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಪೋರ್ಚುಗೀಸರು ನಮ್ಮ ಕರಾವಳಿಗೆ ತಂದು ಬಿಟ್ಟುಹೋದ ಮಾತುಗಳು. ಅವರ ಭಾಷೆಯೂ ಇಟಾಲಿಯನ್ನೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಹಾಗಾಗಿ ನಾವು ಪಗಾರ ಅನ್ನುತ್ತೇವಲ್ಲ, ಅಲ್ಲಿ ಹಣ ಕೊಡುವುದಕ್ಕೆ ಪಗಾರೆ. ನಾವು ಬಟ್ಟೆಗೆ ಇಸ್ತ್ರಿ ಹಾಕುವುದು ಅಲ್ಲಿ ಸ್ತಿರಾರೆ. ಚಾವಿ ಅಲ್ಲಿ ಕ್ಯಾವೆ. ಸಕ್ಕರೆಯ ದಾರಿ ಬೇರೆ: ನಮ್ಮ ಶರ್ಕರವೇ ಅರಬರ ಬಾಯಿ ಹಾದು ಅಲ್ಲಿ ತ್ಸುಕ್ಕೆರೊ ಆಗಿದೆ. ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಅರ್ಥ ಬರೆದುಕೊಂಡು ಉರು ಹೊಡೆಯುತ್ತೀಯಾ? ಮನೆಯೊಳಗೇ ಇರುವ ಸಾಮಾನು ಅವು.

ಸಂಸ್ಕೃತದ ಎಳೆ ಇನ್ನೂ ಉದ್ದ. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಬೇರು ಒಂದೇ ಎನ್ನುವುದನ್ನು ನೀನು ಓದಿರಬಹುದು. ನಾಲಗೆಯ ಮೇಲೆ ಇಟ್ಟುಕೊಂಡು ನೋಡು. ದ್ವಿ, ತ್ರಿ, ಸಪ್ತ, ಅಷ್ಟ, ನವ, ದಶ; ಅಲ್ಲಿ ದುವೆ, ತ್ರೆ, ಸೆತ್ತೆ, ಒತ್ತೊ, ನೋವೆ, ದ್ಯೇಚಿ. ನಾಮ ನೋಮೆ, ದಂತ ದೆಂತೆ, ಪಾದ ಪ್ಯೇದೆ. ನಿಮ್ಮೂರಿನ ಹೆಸರಿನಲ್ಲೇ ಕೇಳಿಸುವ ಮೊಳಕಾಲು ಅವರಿಗೆ ಜಿನೊಕ್ಕ್ಯೊ, ಸಂಸ್ಕೃತದ ಜಾನುವಿನ ದಾಯಾದಿ. ಇದನ್ನು ಒಮ್ಮೆ ಗಮನಿಸಿದವಳು ಮತ್ತೆ ಮರೆಯುವುದು ಕಷ್ಟ.

ಬಾಯಿಯ ವಿಷಯಕ್ಕೆ ಬರೋಣ, ಇಲ್ಲಿ ನೀನು ಪುಣ್ಯವಂತೆ. ಇಟಾಲಿಯನ್ ಮಾತುಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಂಡ ನಾಲಗೆ ನಮ್ಮದು. ತೆಲುಗನ್ನು ಪೂರ್ವದ ಇಟಾಲಿಯನ್ ಎಂದು ಕರೆದದ್ದೂ ಅದು ಸ್ವರದಲ್ಲಿ ಮುಗಿಯುತ್ತದೆ ಎಂದೇ. ರಾಯದುರ್ಗದ ಕಡೆಯ ನೆಂಟರ ಜೊತೆ ತೆಲುಗು ಮಾತಾಡಿ ಬೆಳೆದವಳು ನೀನು. ಅವರು 'ತ್ಸಾಲ' ಅನ್ನುವಾಗಿನ ಆ ತ್ಸ ಇದೆಯಲ್ಲ, ಗ್ರಾತ್ಸ್ಯೆ ಎಂದು ಧನ್ಯವಾದ ಹೇಳಲು ಅದೇ ಬೇಕು. ತ ಮತ್ತು ದ ನಮ್ಮ ಹಲ್ಲಿಗೆ ತಾಗುವ ತ, ದ. ಇಂಗ್ಲಿಷಿನ ಟ, ಡ ತಂದರೆ ಕೆಟ್ಟುಹೋಗುತ್ತದೆ. ಹಾಲಿಗೆ ಲಾತ್ತೆ, ಬೆಂಗಳೂರಿನ ಕಾಫಿ ಅಂಗಡಿಯ ಲಾಟೆ ಅಲ್ಲ.

ಒತ್ತಕ್ಷರದ ಬಗ್ಗೆ ಮಾತ್ರ ಎಚ್ಚರ. ಎಲೆ ಬೇರೆ, ಎಲ್ಲೆ ಬೇರೆ. ಹಳಿ ಬೇರೆ, ಹಳ್ಳಿ ಬೇರೆ ಎನ್ನುವುದು ನಮಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಅದೇ ತಿಳಿವಳಿಕೆ ಅಲ್ಲಿ ನಡೆಯುತ್ತದೆ. ಸೇತಾ ಎಂದರೆ ರೇಷ್ಮೆ, ಸೇತೆ ಎಂದರೆ ಬಾಯಾರಿಕೆ, ಸೆತ್ತೆ ಎಂದರೆ ಏಳು. ರೇಷ್ಮೆ ಕಲಿಯಲು ಹೋಗುವವಳು ಈ ಮೂರನ್ನು ದಿನಕ್ಕೆ ಹತ್ತು ಸಲ ಜೋರಾಗಿ ಹೇಳು. ಕಣ್ಣಲ್ಲಿ ಓದಿದರೆ ಸಾಲದು, ನಿನ್ನ ಕಿವಿಗೆ ಕೇಳಿಸಬೇಕು. ಅಂಕಿಗಳನ್ನು ನೂರರಿಂದ ಹಿಂದಕ್ಕೂ ಹೇಳು, ಯಾರಿಂದಲಾದರೂ ಅಡ್ಡಾದಿಡ್ಡಿ ಕೇಳಿಸಿಕೋ. ನನ್ನ 27 ನಿನಗೆ ಆಗಬಾರದು.

ಪುಸ್ತಕದಲ್ಲಿ ಎಡಗಡೆ ಅವರ ಕಾಗುಣಿತ, ಬಲಗಡೆ ನಮ್ಮ ಅಕ್ಷರದಲ್ಲಿ ಉಚ್ಚಾರ ಬರೆದುಕೋ. ಸಂಕೋಚ ಬೇಡ. ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಕೊನೆಯಲ್ಲಿ, ಬರೆದವನ ಹೆಸರಿದೆ: ಚಪಡ. ಶಾಸನ ಪೂರ್ತಿ ಬ್ರಾಹ್ಮಿ ಲಿಪಿ. ಆದರೆ 'ಲಿಪಿಕಾರನಿಂದ' ಎನ್ನುವ ಅರ್ಥದ ಒಂದೇ ಒಂದು ಪದವನ್ನು ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದು ವಾಯವ್ಯದ ಗಂಧಾರದ ಕಡೆಯ ಲಿಪಿ. ಬಹುಶಃ ಅಷ್ಟು ದೂರದಿಂದ ಈ ಬಂಡೆಗೆ ಬಂದವನು ಇಲ್ಲಿಗೆ ಬೇಕಾದ ಲಿಪಿಯಲ್ಲಿ ಕೆಲಸ ಮಾಡಿದ, ತನ್ನ ಕಸುಬಿನ ಹೆಸರನ್ನು ಮಾತ್ರ ತನ್ನ ಕೈಗೆ ಒಗ್ಗಿದ ಅಕ್ಷರದಲ್ಲಿಟ್ಟ. ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹೋಗುವ ಮುಂಚೆ ಒಂದು ಸಲ ನೋಡಿ ಬಾ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದಾಗ ನಡೆದದ್ದೂ ನಿನಗೆ ಬೇಕಾದ ಮಾತೇ. ಮಣ್ಣಿನ ಪದರಗಳ ಕಾಲ ಹೇಳಲು ಅವರಿಗೆ ಸಿಕ್ಕ ಆಧಾರ ಮಡಕೆಯ ಚೂರು. ಎರಡು ವರ್ಷ ಮೊದಲು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ, ಇಟಲಿಯ ಅರೆತ್ಸೊ ಊರಿನ ಹೆಸರಿನ ಕೆಂಪು ಪಾತ್ರೆಯ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ಮೊದಲೇ ಗೊತ್ತಿತ್ತು. ಆ ಚೂರುಗಳ ಒಡನೆ ಸಿಕ್ಕ ಇನ್ನೊಂದು ಬಗೆಯ ಪಾತ್ರೆ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಗೊತ್ತಿದ್ದ ಒಂದು ಚೂರಿಗೆ ಗೊತ್ತಿಲ್ಲದ್ದನ್ನು ಕೆಚ್ಚಿ ನಿಮ್ಮೂರಿನ ಚರಿತ್ರೆ ಬರೆದರು. ಇಟಲಿಯ ನಂಟು ನಿಮ್ಮ ಮಣ್ಣಿಗೆ ಇವತ್ತಿನದಲ್ಲ ಕಣಮ್ಮ. ರೇಷ್ಮೆಯಲ್ಲೂ ಅಷ್ಟೇ: 1910ರ ದಶಕದಲ್ಲಿ ಮೈಸೂರು ಸರ್ಕಾರ ಚನ್ನಪಟ್ಟಣದ ರೇಷ್ಮೆ ಫಾರಂ ಕೆಲಸಕ್ಕೆ ಇಟಲಿಯಿಂದಲೇ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿಕೊಂಡಿತ್ತು.

ಇಂಗ್ಲಿಷ್ ಅರ್ಥ ಬೇಡ ಎಂದೆನಲ್ಲ, ಅದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಇಂಗ್ಲಿಷಿನ ಮೇಲೆ ಹೋದರೆ ನಿನಗೆ ಸುತ್ತುದಾರಿ. ನಾವು 'ನನಗೆ ಕಾಫಿ ಇಷ್ಟ' ಅನ್ನುತ್ತೇವೆ. ಅವರೂ 'ಮಿ ಪ್ಯಾಚೆ ಇಲ್ ಕಫ್ಫೆ' ಅನ್ನುತ್ತಾರೆ. ಮಿ ಎಂದರೆ ನನಗೆ. ಇಂಗ್ಲಿಷಿನಲ್ಲಿ ಯೋಚಿಸಿದವರು ಇಲ್ಲಿ ತಡವರಿಸುತ್ತಾರೆ, ನೀನು ತಡವರಿಸಬೇಕಿಲ್ಲ. 'ಹೋಗ್ತೀನಿ' ಎಂದರೆ ನಾನು ಎಂದು ಬೇರೆ ಹೇಳುವುದು ಬೇಡ. ಅಲ್ಲಿಯೂ 'ವಾದೊ' ಅಂದರೆ ಸಾಕು. ನೀನು, ನೀವು ಇರುವ ಹಾಗೆ ತು ಮತ್ತು ಲೇಯಿ. ನಿನ್ನ ಮೇಷ್ಟ್ರಿಗೆ, ಅಂಗಡಿಯವರಿಗೆ, ಮನೆ ಮಾಲೀಕಳಿಗೆ ಲೇಯಿ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದು ಎಂದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ.

ನಮಗೆ ನಿಜವಾಗಿ ಹೊಸದು ಒಂದೇ. ನಮ್ಮಲ್ಲಿ ಕಲ್ಲು, ಮರ, ಮಗ್ಗ ಎಲ್ಲ 'ಅದು'. ಅವರಲ್ಲಿ ವಸ್ತುಗಳಿಗೂ ಗಂಡು ಹೆಣ್ಣು. ದಾರ ಗಂಡು: ಇಲ್ ಫೀಲೊ. ರೇಷ್ಮೆ ಹೆಣ್ಣು: ಲಾ ಸೇತಾ. ಉಣ್ಣೆ, ಲಾ ಲಾನಾ. ಎಣ್ಣೆ ಗಂಡು, ಪದ ಸ್ವರದಿಂದ ಶುರುವಾಗುವುದರಿಂದ ಮುಂದಿನ ಗುರುತೂ ಪದವೂ ಕೂಡಿ ಲೋಲ್ಯೊ. ಓ ಕೊನೆಯಾದರೆ ಗಂಡು, ಆ ಕೊನೆಯಾದರೆ ಹೆಣ್ಣು ಎಂದು ಮೊದಮೊದಲು ಸಾಗಬಹುದು. ಆದರೆ ಕೈಗೆ ಲಾ ಮಾನೊ, ಓ ಇದ್ದರೂ ಹೆಣ್ಣು. ಅದಕ್ಕೇ ಪದವನ್ನು ಒಂಟಿಯಾಗಿ ಮನೆಗೆ ಕರೆತರಬೇಡ, ಮುಂದಿನ ಇಲ್ ಅಥವಾ ಲಾ ಜೊತೆಗೇ ಕರೆದು ತಾ. ನಾನು ಹಾಗೆ ಮಾಡದೆ ಆರುನೂರು ಪದವನ್ನೂ ಎರಡನೇ ಸಲ ಕಲಿಯಬೇಕಾಯಿತು.

ಎಷ್ಟು ಪದ ಬೇಕು ಅಂತ ಕೇಳಿದೆ. ತುಲ್ಲಿಯೊ ದೆ ಮೌರೊ ಎಂಬ ಇಟಲಿಯ ದೊಡ್ಡ ಭಾಷಾವಿದ್ವಾಂಸರು 1980ರಲ್ಲಿ ತಮ್ಮ ಭಾಷೆಯ ಮೂಲ ಪದಗಳನ್ನು ವಿಂಗಡಿಸಿದರು. ಒಟ್ಟು ಸುಮಾರು 7000. ಅದರಲ್ಲೂ ತೀರ ಅಗತ್ಯವಾದವು ಸುಮಾರು 2000. ದಿನದ ಮಾತು ಬರಹದ ಬಹುಪಾಲು ಈ ಎರಡು ಸಾವಿರದಲ್ಲೇ ನಡೆದುಹೋಗುತ್ತದೆ. ದಿನಕ್ಕೆ ಐವತ್ತು ಬೇಡ, ಎಂಟು ಸಾಕು. ಆ ಎಂಟನ್ನೂ ಬಾಯಲ್ಲಿ ಆಡಿ, ನಾಳೆ ಒಮ್ಮೆ, ನಾಲ್ಕನೇ ದಿನ ಒಮ್ಮೆ, ಹದಿನೈದಕ್ಕೆ ಒಮ್ಮೆ ಮತ್ತೆ ಮುಟ್ಟಬೇಕು.

ಇಲ್ಲಿ ಎಣ್ಣೆ ಮಿಲ್ಲಿಗೆ ಶೇಂಗಾ ಗಾಡಿ ಬರುವ ಕಾಲದಲ್ಲಿ, ಹಮಾಲಿ ಕೆಲಸಕ್ಕೆ ಸೇರಿದ ಹುಡುಗರು ಆರು ತಿಂಗಳಲ್ಲಿ ತೆಲುಗು ಕಲಿಯುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಅವರ ಹತ್ತಿರ ಪುಸ್ತಕವಿರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ: "ದೀನ್ನಿ ಏಮಂಟಾರು?" ಇದಕ್ಕೆ ಏನಂತಾರೆ? ಚೀಲ ತೋರಿಸಿ ಕೇಳಿದರು, ತಕ್ಕಡಿ ತೋರಿಸಿ ಕೇಳಿದರು. ಆ ಪ್ರಶ್ನೆ ಇಟಾಲಿಯನ್ನಿನಲ್ಲಿ 'ಕೋಮೆ ಸಿ ದೀಚೆ?' ಎಲ್ಲಕ್ಕಿಂತ ಮೊದಲು ಇದನ್ನು ಕಲಿ. ಜೊತೆಗೆ 'ನೋನ್ ಕಪೀಸ್ಕೊ', ನನಗೆ ಅರ್ಥವಾಗಲಿಲ್ಲ. 'ಪ್ಯು ಪ್ಯಾನೊ', ಇನ್ನೂ ನಿಧಾನ. ಈ ಮೂರು ಇದ್ದರೆ ಅಲ್ಲಿನ ಪ್ರತಿಯೊಬ್ಬರೂ ನಿನ್ನ ಮೇಷ್ಟ್ರು.

ಇನ್ನು ನಿನ್ನ ಕಸುಬಿನ ಮಾತು. ಮಗ್ಗ, ಇಲ್ ತೆಲಾಯೊ. ಹಾಸು, ಲೊರ್ದೀತೊ. ಹೊಕ್ಕು, ಲಾ ತ್ರಾಮಾ. ಕಥೆಯ ಹೆಣಿಗೆಗೂ ಅವರು ತ್ರಾಮಾ ಎಂದೇ ಅನ್ನುತ್ತಾರೆ. ಲಾಳಿಗೆ ಲಾ ನವೆತ್ತಾ, ಪುಟ್ಟ ಹಡಗು ಎಂದು ಅರ್ಥ. ಹಣಿಗೆಗೆ ಇಲ್ ಪೆತ್ತಿನೆ. ತಲೆ ಬಾಚುವ ಹಣಿಗೆಗೂ ಅದೇ ಪದ, ಥೇಟು ನಮ್ಮ ಹಾಗೆ.

ಮೊನ್ನೆ ಇನ್ನೊಂದು ಸಂಗತಿ ಗಮನಿಸಿದೆ, ಬೇಜಾರು ಮಾಡಿಕೊಳ್ಳಬೇಡ. ಮಗ್ಗದ ಮುಂದೆ ನಿಂತು ನಿನ್ನ ಗೆಳತಿಗೆ ತೋರಿಸುತ್ತಿದ್ದೆ. ಲಾಳಿ ಅಂದೆ, ಹಣಿಗೆ ಅಂದೆ. ಮಿಕ್ಕದ್ದಕ್ಕೆಲ್ಲ 'ಇದು', 'ಈ ಕಡ್ಡಿ', 'ಈ ಹಗ್ಗ' ಅಂದೆ. ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದ ನಿಮ್ಮಮ್ಮ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ನೇಯತೊಡಗಿದಳು. ಅವಳ ಬಾಯಲ್ಲಿ ಆ ಒಂದೊಂದಕ್ಕೂ ಹೆಸರಿದೆ. ನಿನ್ನ ಬಾಯಲ್ಲಿ ಕನ್ನಡದ ಹೆಸರೇ ಇಲ್ಲದ ಕಡ್ಡಿಗೆ ಇಟಾಲಿಯನ್ ಹೆಸರನ್ನು ಯಾವ ಎಳೆಗೆ ಕೆಚ್ಚುತ್ತೀಯ ಮಗಳೇ?

ಶನಿವಾರ ಹಾಸು ಮುಗಿಯುತ್ತದೆ ಅಂತಿದ್ದಳು. ಕೆಚ್ಚಲು ಕೂತಾಗ ಪಕ್ಕದಲ್ಲಿ ಕೂತುಕೋ, ಬೂದಿಯ ಬಟ್ಟಲು ನೀನೇ ಹಿಡಿ. ಒಂದೊಂದೇ ಮುಟ್ಟಿ ತೋರಿಸಿ, ಇದಕ್ಕೆ ಏನಂತಾರಮ್ಮ ಅಂತ ಕೇಳು.